ಗಾಳಿಯ ಟ್ಯಾಂಕು ಮತ್ತು ತಲೆ ಎಣಿಕೆ

ಮುಂಬಯಿಯ ಕಾರ್ಖಾನೆಗಳಲ್ಲಿ ಒತ್ತಡ ತುಂಬಿಕೊಂಡು ನಿಂತ ಪಾತ್ರೆಗಳಲ್ಲಿ ಮುಖ್ಯವಾದವು ಎರಡು: ಹಬೆಯ ಬಾಯ್ಲರು ಮತ್ತು ಕಂಪ್ರೆಸರಿನ ಗಾಳಿಯ ಟ್ಯಾಂಕು. ಯಾವುದು ಒಡೆದರೂ ಜೀವ ಹೋಗುತ್ತದೆ. ಆದರೆ ಕಾನೂನು ಇವೆರಡನ್ನೂ ಒಂದೇ ಕೋಲಿನಿಂದ ಅಳೆಯಲಿಲ್ಲ. ಬಾಯ್ಲರಿನ ವಿಷಯ ಬಂದಾಗ ಪಾತ್ರೆ ಎಷ್ಟು ದೊಡ್ಡದು ಎಂದು ಕೇಳಿತು. ಗಾಳಿಯ ಟ್ಯಾಂಕಿನ ವಿಷಯ ಬಂದಾಗ ಅಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂದು ಕೇಳಿತು.

ಹಬೆಯ ಕಥೆ ಹಳೆಯದು. ಕಾವಸಜಿ ದಾವರ್ 1854ರಲ್ಲಿ ತಾರ್‌ದೇವ್‌ನಲ್ಲಿ ಕಟ್ಟಲು ತೊಡಗಿದ ಹತ್ತಿ ಗಿರಣಿಯ ಬೆನ್ನಿಗೇ ಊರಲ್ಲಿ ಒಂದೊಂದಾಗಿ ಗಿರಣಿಗಳ ಚಿಮಣಿಗಳೆದ್ದವು. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರು ತಪಾಸಣೆಯ ಕಾನೂನು ಬಂತು. ಬೇರೆ ಪ್ರಾಂತ್ಯಗಳೂ ತಮ್ಮ ತಮ್ಮ ಕಾನೂನು ಮಾಡಿಕೊಂಡವು. 1923ರ ಬಾಯ್ಲರು ಕಾಯ್ದೆ ಇವನ್ನೆಲ್ಲ ಒಂದು ನೂಲಿನಲ್ಲಿ ಪೋಣಿಸಿತು. ಅದರ ಮೊದಲ ಅಳತೆ ಸರಳವಾಗಿತ್ತು: ಸುಮಾರು 22.75 ಲೀಟರಿಗಿಂತ ದೊಡ್ಡ, ಹಬೆ ಹುಟ್ಟಿಸುವ ಮುಚ್ಚಿದ ಪಾತ್ರೆಯಾದರೆ ನೋಂದಣಿ ಬೇಕಿತ್ತು, ಇನ್‌ಸ್ಪೆಕ್ಟರು ನೋಡಬೇಕಿತ್ತು. ಅಲ್ಲಿ ಇಬ್ಬರು ದುಡಿಯುತ್ತಾರೋ ಇನ್ನೂರು ಜನವೋ ಎಂಬುದು ಲೆಕ್ಕಕ್ಕಿರಲಿಲ್ಲ.

ಗಾಳಿ ಈ ಕಾಯ್ದೆಗೆ ಸೇರಲಿಲ್ಲ. ಅದು ಹೋಗಿ ಸೇರಿದ್ದು ಕಾರ್ಖಾನೆ ಕಾಯ್ದೆಗೆ. ಆ ಕಾಯ್ದೆಯ ಬಾಗಿಲು ಮೊದಲಿಂದಲೂ ತಲೆ ಎಣಿಸಿಯೇ ತೆರೆಯುವಂಥದು. 1881ರಲ್ಲಿ 100 ಜನರಿದ್ದರೆ ಕಾರ್ಖಾನೆ. 1891ರಲ್ಲಿ 50, 1922ರಲ್ಲಿ 20. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ವಿದ್ಯುತ್ತಿನಂಥ ಶಕ್ತಿ ಬಳಸುವ ಕಡೆ 10. ಅದೇ 1948ರ ಕಾಯ್ದೆಯ 31ನೆಯ ಸೆಕ್ಷನ್ನು, ವಾತಾವರಣಕ್ಕಿಂತ ಹೆಚ್ಚು ಒತ್ತಡದಲ್ಲಿ ನಡೆಯುವ ಸಾಧನ ತನ್ನ ಸುರಕ್ಷಿತ ಮಿತಿಯನ್ನು ದಾಟದಂತೆ ನೋಡಿಕೊಳ್ಳಬೇಕು ಎಂದಿತು. 67 ವರ್ಷಗಳಲ್ಲಿ ಬಾಗಿಲು ಹತ್ತು ಪಟ್ಟು ಅಗಲವಾಯಿತು ಎನ್ನಬಹುದು.

ಇತ್ತ ಊರಿನ ದುಡಿಮೆಯ ರೂಪವೇ ಬದಲಾಗುತ್ತಿತ್ತು. 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದರು. ಆಮೇಲೆ ಬಹಳಷ್ಟು ಗಿರಣಿಗಳು ಮೊದಲಿನಂತೆ ನಡೆಯಲೇ ಇಲ್ಲ. ನೂರಾರು ಜನ ಒಂದೇ ಸೂರಿನಡಿ ದುಡಿಯುವ ಮುಂಬಯಿ ಕರಗಿತು. ನಾಲ್ಕೈದು ಜನರ ಮುಂಬಯಿ ಬೆಳೆಯಿತು. ಸಾಕಿನಾಕಾ, ಕುರ್ಲಾ, ಧಾರಾವಿಗಳ ಗಾಲಾಗಳು, ಅಂದರೆ ಒಂದೊಂದು ಕೋಣೆಯ ವರ್ಕ್‌ಶಾಪುಗಳು, ಗ್ಯಾರೇಜುಗಳು, ರಸ್ತೆ ಬದಿಯ ಪಂಕ್ಚರ್ ಅಂಗಡಿಗಳು. ಇಲ್ಲಿ ಬಾಯ್ಲರು ಕಾಣುವುದು ಅಪರೂಪ. ಕಂಪ್ರೆಸರು ಮಾತ್ರ ಎಲ್ಲೆಲ್ಲೂ ಇದೆ: ಪೇಂಟು ಸಿಂಪಡಿಸಲು, ಧೂಳು ಊದಲು, ಟಯರಿಗೆ ಹವಾ ಹಾಕಲು.

ಇಂಥ ಟ್ಯಾಂಕು ಚಿಕ್ಕದಾಗಿ ಕಂಡರೂ ಹೊತ್ತಿರುವ ಭಾರ ಚಿಕ್ಕದಲ್ಲ. ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 7 ಕೆ.ಜಿ. ಇದ್ದರೆ, 30 ಸೆಂ.ಮೀ. ಅಗಲದ ಅದರ ದುಂಡು ಮುಚ್ಚಳದ ಮೇಲೆ ಬೀಳುವುದು ಸುಮಾರು 5 ಟನ್. ಮುಂಬಯಿಯ ಹವೆಯೂ ಇದರ ಶತ್ರು. ಮಳೆಗಾಲದ ಒಂದು ಘನ ಮೀಟರ್ ಗಾಳಿಯಲ್ಲಿ ಇಪ್ಪತ್ತು ಗ್ರಾಮಿಗೂ ಹೆಚ್ಚು ನೀರಾವಿ ಇರುತ್ತದೆ. ಗಾಳಿಯನ್ನು ಎಂಟನೆಯ ಒಂದು ಪಾಲಿಗೆ ಅಮುಕಿ ತಣಿಸಿದರೆ ಆ ಆವಿಯ ಬಹುಪಾಲು ನೀರಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ. ದಿನವೂ ತಳದ ನಲ್ಲಿ ತಿರುಗಿಸಿ ಅದನ್ನು ಹೊರಬಿಡದಿದ್ದರೆ ತಗಡನ್ನು ತುಕ್ಕು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದರಂತೆಯೇ ಇರುತ್ತದೆ.

1963ರ ಮಹಾರಾಷ್ಟ್ರ ಕಾರ್ಖಾನೆ ನಿಯಮಗಳು ಇದಕ್ಕೆಲ್ಲ ಮದ್ದು ಬರೆದಿವೆ. ಸೇಫ್ಟಿ ವಾಲ್ವು ಇರಬೇಕು, ಒತ್ತಡ ತೋರುವ ಮೀಟರು ಇರಬೇಕು, ನೀರು ಬಿಡುವ ನಲ್ಲಿ ಇರಬೇಕು. ಆರು ತಿಂಗಳಿಗೊಮ್ಮೆ ಹೊರಗಿನಿಂದ, ವರ್ಷಕ್ಕೊಮ್ಮೆ ಒಳಗಿನಿಂದ ಬಲ್ಲವರು ಪರೀಕ್ಷಿಸಬೇಕು. ಟ್ಯಾಂಕಿನ ಬಲ ನೋಡುವಾಗ ಗಾಳಿಯ ಬದಲು ನೀರು ತುಂಬಿ ಒತ್ತುತ್ತಾರೆ. ಅದಕ್ಕೂ ಕಾರಣವಿದೆ. ನೀರು ಅಷ್ಟಾಗಿ ಅಮುಕಿಕೊಳ್ಳುವುದಿಲ್ಲ, ಆದ್ದರಿಂದ ಟ್ಯಾಂಕು ಸೀಳಿದರೂ ಸೋರಿ ಸುಮ್ಮನಾಗುತ್ತದೆ. ಅಮುಕಿದ ಗಾಳಿ ಹಿಗ್ಗಿ ತಗಡನ್ನೇ ಎಸೆಯುತ್ತದೆ.

ಅನುಭವಿ ಫಿಟ್ಟರು ಈ ನಿಯಮಗಳನ್ನು ಓದಿರಬೇಕೆಂದಿಲ್ಲ. ಮೀಟರಿನ ಮುಳ್ಳು ಮಿತಿ ಮುಟ್ಟಿದಾಗ ಮೋಟರು ತಾನಾಗಿ ನಿಲ್ಲುತ್ತದೋ ಇಲ್ಲವೋ ಎಂದು ಅವನು ನೋಡುತ್ತಾನೆ. ನಿಲ್ಲದಿದ್ದರೆ ಉಳಿಯುವ ಕೊನೆಯ ಕಾವಲು ಸೇಫ್ಟಿ ವಾಲ್ವು ಒಂದೇ. ಅದು ಸಿಳ್ಳೆ ಹಾಕುತ್ತದೆ ಎಂದು ಬಿಗಿ ಮಾಡಿದರೆ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ. ಸೂಜಿ ಮೊನೆಯಷ್ಟು ತೂತು ಕಂಡರೆ ಅವನು ಬೆಸುಗೆ ಹಾಕಿಸುವುದಿಲ್ಲ, ಟ್ಯಾಂಕನ್ನೇ ಬದಲಿಸಲು ಹೇಳುತ್ತಾನೆ. ಆ ತೂತಿನ ಸುತ್ತಲ ತಗಡೂ ಸವೆದಿರುತ್ತದೆ. ಗಾಳಿಯ ಪೈಪನ್ನು ಮೈಯತ್ತ ಹಿಡಿಯಲು ಹುಡುಗರಿಗೆ ಬಿಡುವುದಿಲ್ಲ, ಬಟ್ಟೆಯ ಧೂಳು ಊದಿಕೊಳ್ಳಲೂ ಬಿಡುವುದಿಲ್ಲ. ತಮಾಷೆಗೆಂದು ಜೊತೆಗಾರನ ಹಿಂಬದಿಗೆ ಪೈಪು ಹಿಡಿದರೆ ಕ್ಷಣದಲ್ಲಿ ಕರುಳು ಹರಿಯುತ್ತದೆ.

ಆದರೆ ನಾಲ್ಕು ಜನರ ಗಾಲಾ ಸಾಮಾನ್ಯವಾಗಿ ಕಾರ್ಖಾನೆಯ ಲೆಕ್ಕಕ್ಕೇ ಬರುವುದಿಲ್ಲ. ಚಿಕ್ಕ ಜಾಗಗಳಿಗೂ ಕಾಯ್ದೆಯನ್ನು ಹಬ್ಬಿಸುವ ಅಧಿಕಾರವನ್ನು 85ನೆಯ ಸೆಕ್ಷನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಕಾಲ ನಡೆದದ್ದು ಮಾತ್ರ ಎದುರು ದಿಕ್ಕಿಗೆ. ವೃತ್ತಿ ಸುರಕ್ಷತೆಯ 2020ರ ಸಂಹಿತೆ, ಶಕ್ತಿ ಬಳಸುವ ಕಡೆ ಕಾರ್ಖಾನೆ ಎನಿಸಿಕೊಳ್ಳುವ ಮಿತಿಯನ್ನು 10ರಿಂದ 20ಕ್ಕೆ ಏರಿಸಿತು. 1881ರಿಂದ ಇಳಿಯುತ್ತಲೇ ಬಂದಿದ್ದ ಸಂಖ್ಯೆ ಮತ್ತೆ 1922ಕ್ಕೆ ಹೋಗಿ ನಿಂತಿತು.

ತಲೆ ಎಣಿಸುವ ಕಾನೂನು ಕೆಲಸದ ಹೊತ್ತಿಗೆ, ರಜೆಗೆ, ಕ್ಯಾಂಟೀನಿಗೆ ಹೊಂದೀತು. ತುಕ್ಕು ಹಿಡಿದ ಟ್ಯಾಂಕಿಗೆ ಎಣಿಕೆ ಬಾರದು. ಅದರ ಪಕ್ಕದಲ್ಲಿ ಒಬ್ಬ ಹುಡುಗ ಟಯರು ಹಿಡಿದು ಕೂತಿದ್ದರೂ ಒತ್ತಡ ಅಷ್ಟೇ ಇರುತ್ತದೆ.