ಕಾಲೇಜು ವಿದ್ಯಾರ್ಥಿಗಳ ನಡುವೆ ಪಾಲನಾ ಸೇವೆ: ಜೀವನವೃತ್ತಿಯಾಗಿ ಆರಿಸಿಕೊಳ್ಳುವವರಿಗೆ ಮಾಹಿತಿ

"ಫಾದರ್, ಮಗ ಪಿ.ಯು.ಸಿ. ಮುಗಿಸಿ ಆ ಊರಿನ ಹಾಸ್ಟೆಲ್ ಸೇರಿದ್ದಾನೆ. ಅಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ?" ಪ್ರತಿ ವರ್ಷ ಜೂನ್-ಜುಲೈ ತಿಂಗಳಲ್ಲಿ ತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆ ಇದು. ಹತ್ತಿರದ ದೇವಾಲಯದ ವಿಳಾಸ ಕೊಡುವುದು ಸುಲಭ. ಆದರೆ ತಾಯಿ ಕೇಳುತ್ತಿರುವುದು ವಿಳಾಸವನ್ನಲ್ಲ, ಒಬ್ಬ ಮನುಷ್ಯನನ್ನು. ಮಗನ ಹೆಸರು ತಿಳಿದಿರುವ, ಜ್ವರ ಬಂದರೆ ವಿಚಾರಿಸುವ, ಅವನ ಅನುಮಾನಗಳಿಗೆ ಕಿವಿಗೊಡುವ ಒಬ್ಬರು ಬೇಕು. ಆ ಒಬ್ಬರು ಮಾಡುವ ಕೆಲಸಕ್ಕೆ 'ಕ್ಯಾಂಪಸ್ ಮಿನಿಸ್ಟ್ರಿ' ಎಂದು ಹೆಸರು. ಇದನ್ನೇ ಬದುಕಿನ ವೃತ್ತಿಯಾಗಿ ಆರಿಸಿಕೊಳ್ಳಬಹುದೇ ಎಂದು ಕೆಲವು ಯುವಕ ಯುವತಿಯರು ನಮ್ಮಲ್ಲಿ ವಿಚಾರಿಸಿದ್ದಾರೆ. ಅವರಿಗಾಗಿಯೂ ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳಿಗಾಗಿಯೂ ಈ ಲೇಖನ. ಉದಾಹರಣೆಗೆ ನಾವು ಭದ್ರಾವತಿಯ ಓಲ್ಡ್ ಟೌನ್ ಅನ್ನು ತೆಗೆದುಕೊಂಡಿದ್ದೇವೆ.

ಓಲ್ಡ್ ಟೌನ್ ಏಕೆ?

ಘಟ್ಟದ ಮೇಲಿನ ಈ ಊರು ಕರಾವಳಿಯವರಾದ ನಮಗೆ ಪರಕೀಯವಲ್ಲ. ನಮ್ಮ ಅನೇಕ ಕುಟುಂಬಗಳ ನೆಂಟರು ಮಲೆನಾಡಿನಲ್ಲಿದ್ದಾರೆ. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರಾಗಿದ್ದ ವಂದನೀಯ ಜೆರಾಲ್ಡ್ ಐಸಾಕ್ ಲೋಬೊ ಅವರೇ 2012ರಲ್ಲಿ ಉಡುಪಿಯ ಪ್ರಥಮ ಧರ್ಮಾಧ್ಯಕ್ಷರಾಗಿ ಬಂದರು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನವಿರುವ ಹಳೇ ನಗರವೇ ಓಲ್ಡ್ ಟೌನ್. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. 1936ರಲ್ಲಿ ಕಾಗದ ಕಾರ್ಖಾನೆಯ ಕಂಪೆನಿ ಸ್ಥಾಪನೆಯಾಯಿತು. ಆ ಕಾರ್ಖಾನೆಗಳನ್ನು ನಂಬಿ ಕರಾವಳಿಯಿಂದ, ತಮಿಳುನಾಡಿನಿಂದ, ಕೇರಳದಿಂದ ಕ್ರೈಸ್ತ ಕುಟುಂಬಗಳು ಬಂದು ನೆಲೆಸಿದವು. ಮನೆಯಲ್ಲಿ ಕೊಂಕಣಿ ಅಥವಾ ತಮಿಳು, ಬೀದಿಯಲ್ಲಿ ಕನ್ನಡ. ಆದರೆ ಕಳೆದ ದಶಕದಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಪ್ರಕಟವಾಯಿತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ಆರಂಭವಾದವು. ಅಪ್ಪನ ಕೆಲಸ ಮಗನಿಗೂ ಸಿಗುವ ಕಾಲ ಮುಗಿಯಿತು. ಇನ್ನು ಓದಿಯೇ ಮೇಲೆ ಬರಬೇಕು.

ಓದಲು ಸ್ಥಳಗಳಿಗೆ ಕೊರತೆ ಇಲ್ಲ. ಊರಲ್ಲೇ ಸರ್ ಎಂ.ವಿ. ಹೆಸರಿನ ಸರ್ಕಾರಿ ಕಾಲೇಜುಗಳಿವೆ. ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯವಿದೆ. ಸುಮಾರು 20 ಕಿ.ಮೀ. ದೂರದ ಶಿವಮೊಗ್ಗದಲ್ಲಿ ಸಹ್ಯಾದ್ರಿ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ಸರ್ಕಾರಿ ವೈದ್ಯಕೀಯ ಕಾಲೇಜು ಇವೆ. ಇವು ಯಾವುವೂ ನಮ್ಮ ಧರ್ಮಸಭೆಯ ಸಂಸ್ಥೆಗಳಲ್ಲ ಎಂಬುದನ್ನು ಗಮನಿಸಬೇಕು. ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ಅಥವಾ ಸಂತ ಆಗ್ನೆಸ್‌ನಲ್ಲಿ ಓದುವವರಿಗೆ ಅಂಗಳದಲ್ಲೇ ಪ್ರಾರ್ಥನಾಲಯ ಇರುತ್ತದೆ, ಮಾತನಾಡಿಸಲು ಗುರುಗಳೋ ಭಗಿನಿಯರೋ ಸಿಗುತ್ತಾರೆ. ಶಂಕರಘಟ್ಟದ ಹಾಸ್ಟೆಲಿನಲ್ಲಿರುವ ನಮ್ಮ ಹುಡುಗಿಗೆ ಆ ಅನುಕೂಲ ಇಲ್ಲ. ನಮ್ಮ ಹೆಚ್ಚಿನ ಮಕ್ಕಳು ಓದುತ್ತಿರುವುದು ಇಂಥ ಕಾಲೇಜುಗಳಲ್ಲೇ.

ಧರ್ಮಸಭೆಯ ಬೋಧನೆ

ಈ ಸೇವೆ ಯುವ ಆಯೋಗದ ಹೆಚ್ಚುವರಿ ಕಾರ್ಯಕ್ರಮವೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯ 10ನೇ ಭಾಗದಲ್ಲಿ, ಕಥೋಲಿಕವಲ್ಲದ ವಿಶ್ವವಿದ್ಯಾಲಯಗಳ ಬಳಿಯಲ್ಲೂ ವಿದ್ಯಾರ್ಥಿನಿಲಯ ಮತ್ತು ಕೇಂದ್ರಗಳು ಇರಬೇಕೆಂದು ಹೇಳಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 813ನೇ ವಿಧಿ ಇನ್ನೂ ಸ್ಪಷ್ಟವಾಗಿದೆ. ವಿದ್ಯಾರ್ಥಿಗಳ ಪಾಲನೆಯ ಬಗ್ಗೆ ಧರ್ಮಾಧ್ಯಕ್ಷರಿಗೆ ತೀವ್ರ ಕಾಳಜಿ ಇರಬೇಕು. ಬೇಕಾದರೆ ಅವರಿಗಾಗಿಯೇ ಧರ್ಮಕೇಂದ್ರ ಸ್ಥಾಪಿಸಬಹುದು, ಇಲ್ಲವಾದರೆ ಗುರುಗಳನ್ನು ಸ್ಥಿರವಾಗಿ ನೇಮಿಸಬೇಕು ಎಂಬುದು ಅದರ ಸಾರಾಂಶ. 'ಸ್ಥಿರವಾಗಿ' ಎಂಬ ಪದವನ್ನು ಓದುಗರು ನೆನಪಿಡಬೇಕು.

1990ರಲ್ಲಿ ಜಗದ್ಗುರು ಸಂತ ಎರಡನೇ ಜಾನ್ ಪೌಲರು ಕಥೋಲಿಕ ವಿಶ್ವವಿದ್ಯಾಲಯಗಳಿಗಾಗಿ ಬರೆದ ಪ್ರೇಷಿತ ಸಂವಿಧಾನದಲ್ಲಿ ಈ ಸೇವೆಗೆ ಪ್ರತ್ಯೇಕ ಸ್ಥಾನ ಕೊಟ್ಟರು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಯುವಜನರಿಗೆ ಬರೆದ 'ಕ್ರಿಸ್ತುಸ್ ವೀವಿತ್' ಎಂಬ ಪತ್ರದಲ್ಲಿ, ಯುವಜನರ ಜೊತೆಯಲ್ಲಿ ನಡೆಯುವುದೇ ಪಾಲನೆ ಎಂಬ ಭಾವವಿದೆ. ವಿದ್ಯಾರ್ಥಿ ಕೇಂದ್ರಗಳಿಗೆ ಹಲವು ದೇಶಗಳಲ್ಲಿ ಸಂತ ಜಾನ್ ಹೆನ್ರಿ ನ್ಯೂಮನ್ ಅವರ ಹೆಸರಿದೆ. ಇಂತಹ ಮೊದಲ ನ್ಯೂಮನ್ ಕ್ಲಬ್ 1893ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅದೂ ಕಥೋಲಿಕ ಸಂಸ್ಥೆಯಲ್ಲ.

ನಮ್ಮ ದೇಶದಲ್ಲಿ

ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾಲಯ ಒಕ್ಕೂಟ, ಅಂದರೆ ಐಕಫ್, ಯೇಸುಸಭೆಯ ಗುರುಗಳ ಪ್ರಯತ್ನದಿಂದ 1924ರಲ್ಲಿ ಆರಂಭವಾಯಿತು. 1970ರ ಪೂನಮಲ್ಲಿ ಸಮಾವೇಶದ ನಂತರ ಬಡವರ ಪರ ನಿಲ್ಲುವುದನ್ನು ಅದು ತನ್ನ ದಾರಿಯಾಗಿ ಸ್ವೀಕರಿಸಿತು. ಕೇರಳದಲ್ಲಿ ಹುಟ್ಟಿದ ಜೀಸಸ್ ಯೂತ್ ಆಂದೋಲನಕ್ಕೆ 2016ರಲ್ಲಿ ವ್ಯಾಟಿಕನ್ ಮನ್ನಣೆ ದೊರೆಯಿತು. ಅದರ ಸದಸ್ಯರು ಕಾಲೇಜುಗಳಲ್ಲಿ ಪ್ರಾರ್ಥನಾ ಕೂಟಗಳನ್ನು ನಡೆಸುತ್ತಾರೆ. ಧರ್ಮಕೇಂದ್ರಗಳಲ್ಲಿ ಐ.ಸಿ.ವೈ.ಎಂ. ಇದೆ.

ಇತರ ಕ್ರೈಸ್ತ ಸಭೆಗಳಲ್ಲಿ 1912ರಲ್ಲಿ ಆರಂಭವಾದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಮತ್ತು 1954ರಲ್ಲಿ ಸ್ಥಾಪನೆಯಾದ ಯು.ಇ.ಎಸ್.ಐ. ಪ್ರಮುಖವಾಗಿವೆ. ಯು.ಇ.ಎಸ್.ಐ.ನಿಂದ ನಾವು ಕಲಿಯಬೇಕಾದ ಒಂದು ವಿಷಯವಿದೆ. ಓದು ಮುಗಿಸಿ ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳೇ ಈಗಿನ ವಿದ್ಯಾರ್ಥಿಗಳ ಕೂಟಕ್ಕೆ ಬೆಂಬಲವಾಗಿ ನಿಲ್ಲುತ್ತಾರೆ. ಪೂರ್ಣಾವಧಿ ಸೇವಕರ ಖರ್ಚನ್ನೂ ವಿಶ್ವಾಸಿಗಳ ಕಾಣಿಕೆ ಭರಿಸುತ್ತದೆ. ನಮ್ಮಲ್ಲಿ ಕೂಟದ ಭಾರವೆಲ್ಲ ಸಾಮಾನ್ಯವಾಗಿ ಒಬ್ಬ ಗುರುವಿನ ಮೇಲೆಯೇ ಬೀಳುತ್ತದೆ.

ಇದರ ಫಲವನ್ನು ನಾವೇ ಕಂಡಿದ್ದೇವೆ. ಸಹಾಯಕ ಗುರುಗಳಾಗಿದ್ದಾಗ ಒಂದು ಊರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಕೂಟವನ್ನು ನಡೆಸುತ್ತಿದ್ದೆವು. ಶುಕ್ರವಾರ ಸಂಜೆ ಬೈಬಲ್ ಅಧ್ಯಯನ, ಚಹಾ, ಹಾಡು. ಮೂರು ವರ್ಷವಾದ ಮೇಲೆ ನಮಗೆ ವರ್ಗವಾಯಿತು. ಮರುವರ್ಷ ಅತ್ತ ಹೋದಾಗ ಕೂಟವಿರಲಿಲ್ಲ. ಯಾರೂ ಅದನ್ನು ನಿಲ್ಲಿಸಿರಲಿಲ್ಲ, ನಡೆಸುವವರೇ ಇರಲಿಲ್ಲ. ತಪ್ಪು ನಮ್ಮದು. ಕೂಟವನ್ನು ನಮ್ಮ ಸುತ್ತ ಕಟ್ಟಿದ್ದೆವು, ನಮ್ಮ ನಂತರ ನಡೆಸುವ ಒಬ್ಬ ಶ್ರೀಸಾಮಾನ್ಯ ವಿಶ್ವಾಸಿಯನ್ನೂ ತಯಾರು ಮಾಡಿರಲಿಲ್ಲ.

ಕೆಲಸ ಏನು?

ಹೊರಗಿನವರಿಗೆ ಕಾಣುವುದು ಧ್ಯಾನಕೂಟ ಮತ್ತು ಯುವದಿನ. ನಿಜವಾದ ಕೆಲಸ ಬೇರೆ ಇದೆ.

1. ಪತ್ತೆ ಮಾಡುವುದು: ಜೂನ್‌ನಿಂದ ಆಗಸ್ಟ್‌ವರೆಗೆ ಯಾವ ಹಾಸ್ಟೆಲಿಗೆ, ಯಾವ ಪಿ.ಜಿ.ಗೆ ನಮ್ಮ ಮಕ್ಕಳು ಬಂದಿದ್ದಾರೆಂದು ತಿಳಿದುಕೊಳ್ಳುವುದು. ಮೊದಲ ತಿಂಗಳು ಭೇಟಿಯಾಗದವರು ಮತ್ತೆ ಸಿಗುವುದು ಕಷ್ಟ.

2. ಕೇಳುವುದು: ಪರೀಕ್ಷೆಯ ಭಯ, ಮನೆಯ ಸಾಲ, ಪ್ರೀತಿ, ಕುಡಿತ, ವಿಶ್ವಾಸದ ಅನುಮಾನ. ಉಪದೇಶಕ್ಕೆ ಮೊದಲು ಕಿವಿ ಬೇಕು. ಆತ್ಮಹತ್ಯೆಯ ಮಾತು ಬಂದರೆ ಪ್ರಾರ್ಥನೆಯೊಂದೇ ಸಾಲದು. ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಸೇವಕರ ಫೋನಿನಲ್ಲಿರಲಿ.

3. ಸಂಸ್ಕಾರಗಳಿಗೆ ದಾರಿ: ಭಾನುವಾರದ ಬಲಿಪೂಜೆಗೆ ಹೋಗಿಬರುವ ವ್ಯವಸ್ಥೆ, ಪಾಪ ನಿವೇದನೆಗೆ ಗುರುಗಳ ಸಮಯ. ಶಂಕರಘಟ್ಟದಿಂದ ಬರುವವರಿಗೆ ಬಸ್ಸಿನ ವೇಳೆಗೆ ಹೊಂದುವ ಪೂಜೆಯೂ ಪಾಲನೆಯೇ.

4. ಓದಿಗೆ ನೆರವು: ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ಅರ್ಜಿ, ಶಿಕ್ಷಣ ಸಾಲದ ಕಾಗದ ಪತ್ರ, ಸಂದರ್ಶನದ ತಯಾರಿ. ಕಾರ್ಖಾನೆ ನಿಂತ ಊರಿನಲ್ಲಿ ಇದು ಸಣ್ಣ ಸೇವೆಯಲ್ಲ.

5. ನಾಯಕರನ್ನು ಬೆಳೆಸುವುದು: ಅಂತಿಮ ವರ್ಷದವರು ಹೊರಡುವ ಮೊದಲು ಎರಡನೇ ವರ್ಷದವರು ತಯಾರಾಗಿರಬೇಕು.

ಕಾನೂನಿನ ಗೆರೆ

ಇಲ್ಲಿ ಉತ್ಸಾಹಕ್ಕಿಂತ ತಿಳಿವಳಿಕೆ ಮುಖ್ಯ. ಸಂವಿಧಾನದ 25ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯವನ್ನು ನೀಡುತ್ತದೆ. ಆದರೆ 28ನೇ ವಿಧಿಯ ಪ್ರಕಾರ ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧರ್ಮಬೋಧನೆ ಸಲ್ಲದು. ಅನುದಾನಿತ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿಯೂ ಒಪ್ಪಿಗೆ ಇಲ್ಲದೆ ಯಾರನ್ನೂ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಅಪ್ರಾಪ್ತ ವಯಸ್ಕರಾದರೆ ಪೋಷಕರ ಒಪ್ಪಿಗೆ ಬೇಕು. ಆದ್ದರಿಂದ ಓಲ್ಡ್ ಟೌನ್‌ನಂಥ ಕಡೆ ಈ ಸೇವೆ ಕಾಲೇಜಿನ ಗೇಟಿನ ಹೊರಗೆ, ಧರ್ಮಕೇಂದ್ರದ ಸಭಾಂಗಣದಲ್ಲಿ ಅಥವಾ ವಿಶ್ವಾಸಿಗಳ ಮನೆಯಲ್ಲಿ ನಡೆಯಬೇಕು.

ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ 2022ರಲ್ಲಿ ಜಾರಿಗೆ ಬಂತು. ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಉಡುಗೊರೆ, ಉಚಿತ ಶಿಕ್ಷಣ ಇತ್ಯಾದಿಗಳನ್ನು ಆ ಕಾಯ್ದೆ ಆಮಿಷದ ಪಟ್ಟಿಯಲ್ಲಿ ಸೇರಿಸಿತ್ತು. ಕಾನೂನು ಇರಲಿ ಇಲ್ಲದಿರಲಿ, ನಮ್ಮ ನಿಯಮ ಒಂದೇ: ಸಹಾಯವನ್ನು ಧರ್ಮಕ್ಕೆ ಗಂಟು ಹಾಕಬಾರದು. ಅರ್ಜಿ ತುಂಬಲು ಬಂದ ಹಿಂದೂ ಅಥವಾ ಮುಸ್ಲಿಂ ವಿದ್ಯಾರ್ಥಿಗೆ ಅರ್ಜಿ ತುಂಬಿಕೊಟ್ಟು ಕಳುಹಿಸಬೇಕು, ಅಷ್ಟೇ.

ಪಿ.ಯು. ವಿದ್ಯಾರ್ಥಿಗಳು ಹೆಚ್ಚಾಗಿ 18 ವರ್ಷದೊಳಗಿನವರು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಒಬ್ಬಂಟಿಯಾಗಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತುಕತೆ ಬೇಡ, ತಡರಾತ್ರಿಯ ಖಾಸಗಿ ಸಂದೇಶ ಬೇಡ. ಇದು ಗುರುಗಳಿಗೂ ಅನ್ವಯಿಸುತ್ತದೆ.

ಯಾರು ಸೇರಬಹುದು? ಯಾವ ತರಬೇತಿ?

ಗುರುಗಳು ಮತ್ತು ಧರ್ಮಭಗಿನಿಯರಿಗೆ ಇದು ನೇಮಕದ ಮೂಲಕ ಬರುವ ಸೇವೆ. ಶ್ರೀಸಾಮಾನ್ಯರಿಗೆ ಪದವಿ ಅಗತ್ಯ. ವಿದ್ಯಾರ್ಥಿಗಳ ನಡುವೆ ಇರುವವರು ತಾವೂ ಓದಿದವರಾಗಿರಬೇಕು. ಸಮಾಜಕಾರ್ಯ ಅಥವಾ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬಹಳ ಉಪಯುಕ್ತ, ಏಕೆಂದರೆ ಮುಂದೆ ಬೇರೆ ಕೆಲಸಕ್ಕೂ ಅದು ದಾರಿ. ದೈವಶಾಸ್ತ್ರಕ್ಕೆ ಬೆಂಗಳೂರಿನ ಧರ್ಮಾರಾಮ್ ವಿದ್ಯಾಕ್ಷೇತ್ರವಿದೆ. ಬೈಬಲ್ ಮತ್ತು ಧರ್ಮಶಿಕ್ಷಣದ ತರಬೇತಿಗೆ 1967ರಲ್ಲಿ ಸ್ಥಾಪನೆಯಾದ ಎನ್.ಬಿ.ಸಿ.ಎಲ್.ಸಿ. ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಧರ್ಮ ಅಧ್ಯಯನಕ್ಕೇ ಒಂದು ವಿಭಾಗವಿದೆ. ಭದ್ರಾವತಿಯಲ್ಲಿ ಕೆಲಸ ಮಾಡುವವರಿಗೆ ಕನ್ನಡ ಚೆನ್ನಾಗಿ ಬರಬೇಕು. ತಮಿಳು ಅಥವಾ ಕೊಂಕಣಿ ಬಂದರೆ ಮನೆಯ ಬಾಗಿಲು ಬೇಗ ತೆರೆಯುತ್ತದೆ.

ಕೂಡಲೇ ಪೂರ್ಣಾವಧಿಗೆ ಧುಮುಕುವುದು ಬೇಡ ಎಂಬುದು ನಮ್ಮ ಸಲಹೆ. ಒಂದು ವರ್ಷ ಸ್ವಯಂಸೇವಕರಾಗಿ ದುಡಿಯಿರಿ. ಆತ್ಮಿಕ ಮಾರ್ಗದರ್ಶಕರೊಂದಿಗೆ ಮಾತನಾಡಿ. ಕೆಲಸ ಸಿಗಲಿಲ್ಲವೆಂದು ಬರುವವರಿಗೂ ದೈವಕರೆಯಿಂದ ಬರುವವರಿಗೂ ಇರುವ ವ್ಯತ್ಯಾಸ ಆ ವರ್ಷದಲ್ಲಿ ತಿಳಿಯುತ್ತದೆ.

ಸಂಬಳದ ಪ್ರಶ್ನೆ

ಇದನ್ನು ಕೇಳಲು ಯುವಕರು ನಾಚುತ್ತಾರೆ, ಹೇಳಲು ನಾವೂ ನಾಚುತ್ತೇವೆ. ನಾಚಿಕೆ ಬೇಡ. ಕೆಲಸಗಾರನು ತನ್ನ ಕೂಲಿಗೆ ಅರ್ಹನೆಂದು ಪ್ರಭು ಯೇಸುವೇ ಹೇಳಿದ್ದಾರೆ.

ಎರಡು ಪದ್ಧತಿಗಳಿವೆ. ಒಂದು, ಧರ್ಮಪ್ರಾಂತ್ಯ ಅಥವಾ ಸಂಸ್ಥೆ ಸಂಬಳ ಕೊಡುವುದು. ಇನ್ನೊಂದು, ಸೇವಕರೇ ಬೆಂಬಲಿಗರಿಂದ ತಿಂಗಳ ಕಾಣಿಕೆ ಸಂಗ್ರಹಿಸುವುದು. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಫೋಕಸ್ ಎಂಬ ಕಥೋಲಿಕ ಸಂಘಟನೆಯ ಯುವ ಸೇವಕರು ಹೀಗೆಯೇ ನಡೆಯುತ್ತಾರೆ. ಬಂಧುಬಳಗವೆಲ್ಲ ಕಾರ್ಖಾನೆಯ ಪಿಂಚಣಿಯಲ್ಲಿರುವ ಓಲ್ಡ್ ಟೌನ್‌ನ ಹುಡುಗಿಗೆ ಎರಡನೆಯದು ಕಠಿಣ. ಹಾಗಾದರೆ ಶ್ರೀಮಂತರ ಮಕ್ಕಳು ಮಾತ್ರ ಈ ಸೇವೆಗೆ ಬರಬೇಕಾಗುತ್ತದೆ. ಅದು ಆಗಬಾರದು.

ಸೇರುವವರು ಈ ನಾಲ್ಕನ್ನು ಬರಹದಲ್ಲಿ ಕೇಳಿ ಪಡೆಯಬೇಕು: ನೇಮಕದ ಅವಧಿ, ಸಂಬಳ, ವೈದ್ಯಕೀಯ ವಿಮೆ, ಭವಿಷ್ಯನಿಧಿ. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಭವಿಷ್ಯನಿಧಿ ಕಾನೂನು ಅನ್ವಯಿಸುತ್ತದೆ. ಮದುವೆಯಾಗಿ ಮಕ್ಕಳಾದ ಮೇಲೆಯೂ ಬದುಕಲು ಸಾಧ್ಯವಾಗದ ಸಂಬಳ ಕೊಟ್ಟು, ಐದು ವರ್ಷದಲ್ಲಿ ಅವರು ಬಿಟ್ಟು ಹೋದರೆ 'ಕರೆ ಇರಲಿಲ್ಲ' ಎನ್ನುವುದು ನ್ಯಾಯವಲ್ಲ.

ಧರ್ಮಕೇಂದ್ರಗಳು ಏನು ಮಾಡಬಹುದು?

ಒಂದು ಧರ್ಮಕೇಂದ್ರಕ್ಕೆ ಪೂರ್ಣಾವಧಿ ಸೇವಕರ ಖರ್ಚು ಭಾರವಾಗಬಹುದು. ನಾಲ್ಕೈದು ಸೇರಿದರೆ ಭಾರವಲ್ಲ. ವಾರ್ಷಿಕ ಹಬ್ಬದ ಪಟಾಕಿ ಮತ್ತು ಅಲಂಕಾರದ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡಬಹುದು. ಮಕ್ಕಳು ಊರು ಬಿಡುವಾಗ ಅವರ ಹೆಸರು ಮತ್ತು ಹಾಸ್ಟೆಲಿನ ವಿವರವನ್ನು, ಅವರ ಒಪ್ಪಿಗೆ ಪಡೆದು, ಆ ಊರಿನ ಧರ್ಮಗುರುಗಳಿಗೆ ತಿಳಿಸಬಹುದು. ಇದಕ್ಕೆ ಒಂದು ರೂಪಾಯಿಯೂ ಬೇಡ.

ಓಲ್ಡ್ ಟೌನ್‌ನ ಕುಟುಂಬವೊಂದು ಭಾನುವಾರ ಪೂಜೆಯ ನಂತರ ಇಬ್ಬರು ಹಾಸ್ಟೆಲ್ ಮಕ್ಕಳನ್ನು ಊಟಕ್ಕೆ ಕರೆದರೆ ಸೇವೆ ಅಲ್ಲೇ ಆರಂಭವಾಯಿತು. ಅದನ್ನು ಮುಂದುವರಿಸಲು, ವರ್ಗವಾಗದೆ ಅಲ್ಲೇ ಉಳಿಯಲು ಒಬ್ಬರು ಬೇಕು. ಆ ಒಬ್ಬರು ನಮ್ಮ ಧರ್ಮಕೇಂದ್ರದಿಂದಲೇ ಹೊರಡಲಿ ಎಂದು ಪ್ರಾರ್ಥಿಸೋಣ. ಹೊರಟ ಮೇಲೆ ಅವರ ಊಟ, ಮನೆ, ಮುಪ್ಪಿನ ಜವಾಬ್ದಾರಿಯನ್ನೂ ಹೊರೋಣ. ಆಗ ತಾಯಂದಿರ ಪ್ರಶ್ನೆಗೆ, "ಇದ್ದಾರಮ್ಮಾ, ಅವರ ಫೋನ್ ನಂಬರ್ ಬರೆದುಕೊಳ್ಳಿ" ಎಂದು ನಾವು ಹೇಳಬಹುದು.