ಹತ್ತು ರೂಪಾಯಿ ದಾವೆ

ನಮ್ಮ ಚಿಕ್ಕವ್ವ ಎಮ್ಮಿ ಹಾಲು ಮಾರಿ ಕೂಡಿಟ್ಟಿದ್ದ ಇಪ್ಪತ್ತು ಸಾವಿರ ಒಬ್ಬರಿಗೆ ಕೈಗಡ ಕೊಟ್ಟಿದ್ಲು. ಕೇಳಿದಾಗೆಲ್ಲ "ಮೈಲಾರ ಜಾತ್ರಿ ಮುಗೀಲಿ ಬೇ, ಕೊಡ್ತೀವಿ" ಅಂತಿದ್ರು. ನಾಲ್ಕು ಜಾತ್ರಿ ಮುಗಿದ್ವು. ಕೊನಿಗೆ ಹಡಗಲಿಗೆ ಹೋಗಿ ವಕೀಲರನ್ನ ಕಂಡ್ಲು. ಅವರು ರೊಕ್ಕ ಎಷ್ಟು ಅಂತ ಮೊದಲು ಕೇಳ್ಲಿಲ್ಲ, ಯಾವತ್ತು ಕೊಟ್ಟಿದ್ದಿ ಅಂತ ಕೇಳಿದ್ರು. ಕೊಟ್ಟ ದಿನದಿಂದ ಮೂರು ವರ್ಷದೊಳಗ ದಾವೆ ಹಾಕಬೇಕಿತ್ತಂತ. "ಹಿಂದಕ ಇಂಥಾವೆಲ್ಲ ಊರಾಗ ತೀರತಿದ್ವು" ಅಂತ ಬೈಕೊಂತ ಬಂದ್ಲು. ಆ ಮಾತು ಖರೇನಾ ಅಂತ ನಾನು ಹುಡುಕಾಕ ಕುಂತೆ.

ಖರೆ ಐತಿ, ಆದ್ರ ಅರ್ಧ.

1800ರಾಗ ನಿಜಾಮ ಬಳ್ಳಾರಿ ಸೀಮೆನ ಕಂಪನಿಗೆ ಬಿಟ್ಟುಕೊಟ್ಟ. ನಮ್ಮ ಹೊಳಲು ಇರೋ ಹಡಗಲಿ ಭಾಗಾನೂ ಅದರಾಗ ಹೋಯ್ತು. ಇಲ್ಲಿಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರ ತನಕ ಇದ್ದ, ಕಂದಾಯ ಗೊತ್ತುಮಾಡಾಕ ಹಳ್ಳಿಗಳ ಒಳಹೊರಗೆಲ್ಲ ತಿಳಕೊಂಡ. ಸಣ್ಣ ಜಗಳಕ್ಕ ರೈತ ದೂರದ ಜಿಲ್ಲಾ ಕೋರ್ಟಿಗೆ ಅಲೀಬಾರದು, ಊರಿನ ವ್ಯಾಜ್ಯ ಊರವರೇ ತೀರಿಸಬೇಕು ಅನ್ನೋದು ಅವನ ವಾದ. ಅವನ ಒತ್ತಾಯದಿಂದ 1816ರಾಗ ಮದ್ರಾಸ್ ಸರ್ಕಾರ ಕಾನೂನು ಮಾಡಿ ಊರ ಮುಖ್ಯಸ್ಥನ್ನೇ ಗ್ರಾಮ ಮುನ್ಸೀಫ ಮಾಡ್ತು. ಹತ್ತು ರೂಪಾಯಿ ತನಕದ ರೊಕ್ಕದ ದಾವೆ ಅವನೇ ಕೇಳಬಹುದಿತ್ತು. ಹೊಲಮನಿ ತಂಟೆ ಅವನ ಮುಂದ ಬರ್ತಿರಲಿಲ್ಲ. ಆಗಿನ ಹತ್ತು ರೂಪಾಯಿ ಸಣ್ಣದಲ್ಲ, ತಿಳೀರಿ. 1888ರ ಗ್ರಾಮ ನ್ಯಾಯಾಲಯ ಕಾಯ್ದೆದಾಗ ಅದು ಇಪ್ಪತ್ತಾಯ್ತು.

ಇನ್ನರ್ಧ ಏನಂದ್ರ, ಮುನ್ಸೀಫ ಅಂದ್ರ ಊರಗೌಡನೇ. ಸಾಲ ತಗೊಂಡೋನು ಗೌಡರ ಬೀಗನಾಗಿದ್ರ? ತಲಿ ಮ್ಯಾಲೆ ಸೆರಗು ಹೊತ್ತು ಆ ಕಟ್ಟಿ ಮುಂದ ನಿಂತು "ನನ್ನ ರೊಕ್ಕ ಕೊಡಸ್ರಿ" ಅನ್ನೋ ಧೈರ್ಯ ಎಷ್ಟು ಹೆಣಮಕ್ಕಳಿಗಿತ್ತು? ನನಗಂತೂ ಅನುಮಾನ. ಚಿಕ್ಕವ್ವ ನೆನಸೋ ಆ ಕಾಲ ನಮ್ಮಂಥೋರಿಗೆ ಅಷ್ಟೇನು ಸುಖದ್ದಲ್ಲ.

ಊರ ಹೊರಗ ಬ್ಯಾರೆ ದಾರಿ ನಡದಿತ್ತು. 1887ರಾಗ ಬ್ರಿಟಿಷ್ ಸರ್ಕಾರ ಸಣ್ಣ ವ್ಯಾಜ್ಯಗಳ ಕೋರ್ಟಿಗೆ ಕಾಯ್ದೆ ಮಾಡ್ತು. ಅಲ್ಲಿ ವಿಚಾರಣೆ ಚುಟುಕು, ಅಪೀಲು ಇಲ್ಲ. 1953ರ ಅಕ್ಟೋಬರ್ 1ಕ್ಕ ನಾವು ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕ ಬಂದ್ವಿ. 1964ರಾಗ ನಮ್ಮ ರಾಜ್ಯಕ್ಕ ತನ್ನದೇ ಸಣ್ಣ ವ್ಯಾಜ್ಯ ಕಾಯ್ದೆ ಆಯ್ತು. ಅಷ್ಟೊತ್ತಿಗೆ ವಂಶದಿಂದ ಬರ್ತಿದ್ದ ಗೌಡ್ಕಿ, ಶಾನಭೋಗಿಕಿನೂ ಹೋಗಿದ್ವು. 1961ರ ಕಾಯ್ದೆ, ಜಾರಿ ಆಗಿದ್ದು 1963ರಾಗ. 2009ರಾಗ ಮತ್ತ ಗ್ರಾಮ ನ್ಯಾಯಾಲಯ ಅಂತ ಬಂತು, ಜಡ್ಜೇ ಹಳ್ಳಿಗೆ ಬರಬೇಕು ಅನ್ನೋ ಆಸೆದ್ದು. ಮನ್ರೋನ ಮಾತೇ ಇನ್ನೂರು ವರ್ಷಕ್ಕ ತಿರುಗಿ ಬಂದಂಗ. ಆದ್ರ ಅವು ಬೆರಳೆಣಿಕಿ ಜಾಗದಾಗ ಅಷ್ಟೇ ಆದ್ವು.

ಈಗ ನಮಗ ಕೋರ್ಟು ಅಂದ್ರ ಹಡಗಲಿ. ಒಂದು ಮಾತು ಮಾತ್ರ ಗೌಡನ ಕಾಲಕ್ಕಿಂತ ಚಲೋ ಐತಿ: 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಣಮಕ್ಕಳಿಗೆ ಆದಾಯ ಎಷ್ಟಿದ್ರೂ ಸರ್ಕಾರದಿಂದ ವಕೀಲರನ್ನ ಪುಕ್ಕಟೆ ಕೊಡ್ತಾರ. ತಾಲೂಕು ಕೋರ್ಟಿನಾಗ ಕಾನೂನು ಸೇವಾ ಸಮಿತಿ ಅಂತ ಕೇಳ್ರಿ. ದಾವೆ ಹಾಕೋಕಿಂತ ಮೊದಲೇ ಲೋಕ ಅದಾಲತ್ತಿಗೂ ಒಯ್ಯಬಹುದು. ಇಬ್ಬರೂ ಒಪ್ಪಿ ರಾಜಿ ಆದ್ರ ಅದು ಡಿಕ್ರಿ ಇದ್ದಂಗ, ಮ್ಯಾಲೆ ಅಪೀಲಿಲ್ಲ. ಮೂರು ವರ್ಷ ಮುಗಿಯೋದರೊಳಗ ಸಾಲಗಾರರು ಸ್ವಲ್ಪ ರೊಕ್ಕ ತಿರುಗಿ ಕೊಟ್ಟು, ಅದನ್ನ ಬರದು ಸಹಿ ಹಾಕಿದ್ರ, ಆ ದಿನದಿಂದ ಮತ್ತ ಮೂರು ವರ್ಷ ಎಣಿಕಿ ಶುರು ಆಗತೈತಿ. ಬಾಯಿಮಾತಿಗೆ ಆ ಬಲ ಇಲ್ಲ.

ಚಿಕ್ಕವ್ವಗೆ ಆ ವ್ಯಾಳ್ಯಾ ದಾಟಿತ್ತು. ಆದ್ರ ವಕೀಲರು ಇನ್ನೊಂದು ಹೇಳಿ ಕಳಿಸಿದ್ರು: ಅವಧಿ ಮುಗಿದ ಸಾಲಾನೂ "ಕೊಡ್ತೀನಿ" ಅಂತ ಅವರೇ ಕಾಗದದ ಮ್ಯಾಲೆ ಬರದು ಸಹಿ ಹಾಕಿದ್ರ, 1872ರ ಕರಾರು ಕಾಯ್ದೆ ಅದನ್ನ ಒಪ್ಪತೈತಿ. ಚಿಕ್ಕವ್ವ ಅವತ್ತ ಸಂಜಿಗೆ ಬಿಳಿ ಹಾಳಿ, ಪೆನ್ನು ಹಿಡಕೊಂಡು ಅವರ ಮನಿಗೆ ಹೋದ್ಲು. ಚಾ ಕೊಟ್ರಂತ. ಸಹಿ ಈ ಸಲದ ಜಾತ್ರಿ ಆದ ಮ್ಯಾಲೆ ಅಂದ್ರಂತ.