ನೀರು ನೆಯ್ದ ಹಸುರು ಜಾಲ: ವನ್ಯಜೀವಿಗಳಿಗೆ ಎಡೆಯಿತ್ತ ನಗರಯೋಜನೆಯ ಪೂರ್ವಚರಿತ್ರೆ

ಹೊಸ ಜನವಸತಿಯೊಂದನ್ನು ನಿರ್ಮಿಸುವ ಮೊದಲೇ ಅಲ್ಲಿಯ ಪ್ರಾಣಿಪಕ್ಷಿಗಳ ನೆಲೆಗಳನ್ನು ಗುರುತಿಸಿ, ಅವುಗಳನ್ನು ಒಂದಕ್ಕೊಂದು ಕೂಡಿಸುವ ಹಸುರು ಹಾದಿಗಳನ್ನು ನಕ್ಷೆಯಲ್ಲಿ ಕಾದಿರಿಸಬೇಕೆಂಬ ತತ್ತ್ವವು ಇಂದು ನಗರಯೋಜಕರಲ್ಲಿ ಬಹುಮಟ್ಟಿಗೆ ಸಮ್ಮತವಾಗಿದೆ. ಇದು ಭೂತದಯೆಯಿಂದಲೋ ಜೀವಶಾಸ್ತ್ರದ ಪ್ರಗತಿಯಿಂದಲೋ ಉದಿಸಿದ ವಿಚಾರವೆಂದು ಊಹಿಸುವುದು ಸಹಜ. ಆದರೆ ಕಳೆದ ಸುಮಾರು ನೂರೈವತ್ತು ವರ್ಷಗಳಲ್ಲಿ ಕಾಗದದಿಂದಿಳಿದು ನೆಲದ ಮೇಲೆ ಮೂಡಿದ ಕೆಲವು ಯೋಜನೆಗಳನ್ನು ಕ್ರಮವಾಗಿ ಪರಿಶೀಲಿಸಿದರೆ, ಹಸುರನ್ನು ಹಸುರಿಗೆ ಜೋಡಿಸಿದ ಆದ್ಯ ಪ್ರೇರಣೆಯು ನೀರಿನ ಉಪದ್ರವವೇ ಆಗಿದ್ದಿತೆಂಬುದೂ, ಪ್ರಾಣಿಗಳ ಹೆಸರು ಆ ಲೆಕ್ಕಪತ್ರವನ್ನು ಸೇರಿದುದು ಬಹು ತಡವಾಗಿಯೆಂಬುದೂ ವಿದಿತವಾಗುತ್ತದೆ.

ಅಮೆರಿಕದ ಬಾಸ್ಟನ್ ನಗರದ ‘ಎಮೆರಾಲ್ಡ್ ನೆಕ್ಲೇಸ್’ ಎಂಬ ಉದ್ಯಾನಮಾಲೆಯು ಇದಕ್ಕೆ ಪ್ರಾಚೀನವಾದ ನಿದರ್ಶನ. 1878ರಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಕೈಗೆತ್ತಿಕೊಂಡ ‘ಬ್ಯಾಕ್ ಬೇ ಫೆನ್ಸ್’ ಎಂಬ ಪ್ರದೇಶವು ಆಗ ಸಮುದ್ರದ ಉಬ್ಬರವಿಳಿತಗಳೊಡನೆ ಪಟ್ಟಣದ ಹೊಲಸೂ ಬಂದು ನಿಲ್ಲುತ್ತಿದ್ದ ದುರ್ಗಂಧಮಯವಾದ ಜೌಗುನೆಲವಾಗಿದ್ದಿತು. ನಗರಸಭೆಗೆ ಬೇಕಾಗಿದ್ದುದು ನೆರೆಗೂ ನಾರುವ ನೀರಿಗೂ ಪರಿಹಾರ. ಓಮ್‌ಸ್ಟೆಡ್ ಆ ಪರಿಹಾರವನ್ನೇ ಉಪ್ಪುಜೌಗಿನ ಸಸ್ಯಗಳಿಂದ ತುಂಬಿದ, ಬಾಗಿ ಹರಿಯುವ ಜಲಮಾರ್ಗವಾಗಿ ರೂಪಿಸಿ, ಮುಂದೆ ಅದನ್ನು ಇತರ ಉದ್ಯಾನಗಳಿಗೆ ಪೋಣಿಸಿದನು. 1910ರಲ್ಲಿ ಚಾರ್ಲ್ಸ್ ನದಿಗೆ ಅಣೆಕಟ್ಟು ಬಿದ್ದು ಉಬ್ಬರದ ನೀರು ತಡೆದುಹೋಗಲು, ಉಪ್ಪುನೀರನ್ನೇ ನಂಬಿದ್ದ ಆ ಸಸ್ಯಸಮುದಾಯವೂ ನಶಿಸಿತು. ಜಲಕ್ರಮವನ್ನು ಆಧರಿಸಿ ಹುಟ್ಟಿದುದು ಜಲಕ್ರಮದ ವ್ಯತ್ಯಯದೊಡನೆಯೇ ಅಳಿಯಿತೆನ್ನಬೇಕು.

ಇಂಗ್ಲೆಂಡಿನ ಎಬೆನೀಜರ್ ಹೊವರ್ಡನು 1898ರಲ್ಲಿ ಪ್ರತಿಪಾದಿಸಿದ ‘ಉದ್ಯಾನನಗರ’ದ ಕಲ್ಪನೆಯನ್ನು ಈ ವಿಷಯದ ಮೂಲವೆಂದು ಹಲವರು ಹೇಳುವುದುಂಟು. 6000 ಎಕರೆಯಲ್ಲಿ ಪಟ್ಟಣಕ್ಕೆ 1000 ಎಕರೆಯನ್ನಷ್ಟೇ ಮೀಸಲಿಟ್ಟು ಉಳಿದುದನ್ನು ಸುತ್ತಲೂ ಬಯಲಾಗಿ ಬಿಟ್ಟ ಅವನ ಔದಾರ್ಯ ದೊಡ್ಡದೇ. ಆದರೆ ಆ ಬಯಲು ಬೇಸಾಯಕ್ಕೂ ಮಾನವನ ಆರೋಗ್ಯಕ್ಕೂ ಮೀಸಲಾದುದು. ಕಾಡುಪ್ರಾಣಿಗಳಿಗೆ ಅಲ್ಲಿ ಹಕ್ಕಿನ ಸ್ಥಾನವಿರಲಿಲ್ಲ.

ನಮ್ಮ ವಿಚಾರಕ್ಕೆ ಅತ್ಯಂತ ಉಪಯುಕ್ತವಾದ ದೃಷ್ಟಾಂತವೆಂದರೆ ಟೆಕ್ಸಸ್ ಪ್ರಾಂತದ ಹ್ಯೂಸ್ಟನ್ನಿಗೆ ಉತ್ತರದಲ್ಲಿ, ಪೈನ್ ಮರಗಳ ಕಾಡಿನ ನಡುವೆ, 1974ರಲ್ಲಿ ತೆರೆದ ‘ದಿ ವುಡ್‌ಲ್ಯಾಂಡ್ಸ್’ ಎಂಬ ಪಟ್ಟಣ. ಇದರ ಕರ್ತೃ ಜಾರ್ಜ್ ಮಿಚೆಲ್ ಎಂಬ ತೈಲೋದ್ಯಮಿ. (ಶಿಲಾಸ್ತರಗಳನ್ನು ನೀರಿನ ಒತ್ತಡದಿಂದ ಬಿರಿಯಿಸಿ ಅನಿಲವನ್ನು ತೆಗೆಯುವ, ಪರಿಸರವಾದಿಗಳ ಕೋಪಕ್ಕೆ ಗುರಿಯಾದ ವಿಧಾನವನ್ನು ಲಾಭದಾಯಕವಾಗಿಸಿದವನೂ ಇವನೇ ಎಂಬುದು ಚರಿತ್ರೆಯ ವಿನೋದ.) ಇವನು ಆಹ್ವಾನಿಸಿದ ಇಯಾನ್ ಮಕ್‌ಹಾರ್ಗ್, ಸ್ಕಾಟ್ಲೆಂಡಿನಲ್ಲಿ ಜನಿಸಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುತ್ತಿದ್ದವನು, 1969ರ ತನ್ನ ‘ಡಿಸೈನ್ ವಿತ್ ನೇಚರ್’ ಗ್ರಂಥದಲ್ಲಿ ಮಣ್ಣು, ನೀರು, ಸಸ್ಯ, ಪ್ರಾಣಿ ಇವುಗಳ ನಕ್ಷೆಗಳನ್ನು ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದಿರಿಸಿ, ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಲಾಗದೆಂಬುದನ್ನು ನಿರ್ಣಯಿಸುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದವನು. ವುಡ್‌ಲ್ಯಾಂಡ್ಸಿನ ನೆಲ ಸಮತಟ್ಟು. ಮಳೆ ಬಿದ್ದರೆ ನೀರು ಹರಿಯದೆ ನಿಲ್ಲುವುದು. ವಾಡಿಕೆಯಂತೆ ಆಳವಾದ ಚರಂಡಿಗಳನ್ನು ತೋಡಿದರೆ ಅಂತರ್ಜಲವಿಳಿದು ಕಾಡೇ ಒಣಗುವುದು. ಕಾಡಿಲ್ಲದ ಮೇಲೆ ಆ ಪಟ್ಟಣಕ್ಕೆ ಆಕರ್ಷಣೆಯೇನು? ಆದುದರಿಂದ ನೀರಿಂಗುವ ಮಣ್ಣನ್ನು ಬಯಲಾಗಿಯೇ ಉಳಿಸಿ, ಇಂಗದ ಮಣ್ಣಿನ ಮೇಲೆ ಕಟ್ಟಡಗಳನ್ನಿರಿಸಿ, ಸಹಜವಾದ ಹಳ್ಳಗಳನ್ನು ಅವುಗಳ ದಡದ ಕಾಡಿನೊಡನೆ ಮುಟ್ಟದೆ ಬಿಡಬೇಕೆಂದು ಮಕ್‌ಹಾರ್ಗ್ ವಿಧಿಸಿದನು. ಹೀಗೆ ಹಳ್ಳದಿಂದ ಹಳ್ಳಕ್ಕೆ ಕೂಡಿಕೊಂಡ ಹಸುರೇ ಪ್ರಾಣಿಗಳಿಗೂ ಸಂಚಾರಮಾರ್ಗವಾಯಿತು. 1979ರ ಮಹಾವೃಷ್ಟಿಯಲ್ಲಿ ಹ್ಯೂಸ್ಟನ್ ಪ್ರಾಂತವು ಮುಳುಗಿದಾಗ ಇಲ್ಲಿ ಅಲ್ಪಹಾನಿಯಷ್ಟೇ ಆದುದು ಈ ಪದ್ಧತಿಯ ಕೀರ್ತಿಗೆ ಕಾರಣವಾಯಿತು. ಆದರೂ ಆ ಕೀರ್ತಿಯು ಪದ್ಧತಿಯನ್ನು ಕಾಪಾಡಲಿಲ್ಲ: ಬಯಲು ಚರಂಡಿಗಿಂತ ಅಂಚುಕಲ್ಲಿನ ರಸ್ತೆಯನ್ನೇ ಕೊಳ್ಳುವವರು ಮೆಚ್ಚುತ್ತಿದ್ದುದರಿಂದ ಹಳೆಯ ಕ್ರಮವು ತಲೆಯೆತ್ತತೊಡಗಿ, 1997ರಲ್ಲಿ ಮಿಚೆಲ್ ಪಟ್ಟಣವನ್ನು ಮಾರಿದ ಮೇಲೆ ಮಕ್‌ಹಾರ್ಗನ ವಿಧಿಗಳು ಮತ್ತಷ್ಟು ಸಡಿಲಗೊಂಡವು.

ಈ ನಡುವೆ ಜೀವಶಾಸ್ತ್ರವು ತನ್ನದೇ ಮಾರ್ಗದಿಂದ ಅಲ್ಲಿಗೇ ಬರುತ್ತಿದ್ದಿತು. 1967ರಲ್ಲಿ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ ಎಂಬುವರು ದ್ವೀಪಗಳ ಜೀವಸಂಪತ್ತಿನ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ದ್ವೀಪವು ಕಿರಿದಾದಷ್ಟೂ ನೆರೆಯ ನೆಲದಿಂದ ದೂರವಾದಷ್ಟೂ ಅದರ ಜೀವಜಾತಿಗಳು ಕಡಮೆಯಾಗುವುವೆಂಬುದು ಅದರ ಸಾರ. ಪೇಟೆಯಿಂದ ಸುತ್ತುವರಿಯಲ್ಪಟ್ಟ ಕಾಡೂ ಒಂದು ದ್ವೀಪವೇ ಎಂದು ಗ್ರಹಿಸಿದೊಡನೆ, ಅಂಥ ದ್ವೀಪಗಳಿಗೆ ಸೇತುವೆ ಬೇಕೆಂಬುದು ಸಿದ್ಧವಾಯಿತು. ಸಂಪರ್ಕದ ಹಾದಿಗಳು ರೋಗವನ್ನೂ ಬೆಂಕಿಯನ್ನೂ ಸಾಗಿಸಬಹುದೆಂದು ಸಿಂಬರ್‌ಲಾಫ್ ಮುಂತಾದ ಜೀವಶಾಸ್ತ್ರಜ್ಞರು ಎತ್ತಿದ ಆಕ್ಷೇಪವು ಇಂದಿಗೂ ಗಣನೆಗೆ ಅರ್ಹವಾದುದೇ.

ನೀರಿನ ಮತ್ತು ಜೀವಶಾಸ್ತ್ರದ ಈ ಎರಡೂ ಧಾರೆಗಳು ಸಂಗಮಿಸಿದುದು ಸಿಂಗಪುರದಲ್ಲಿ. 1990ರ ದಶಕದಲ್ಲಿ ಅಲ್ಲಿಯ ಸರಕಾರವು ಉದ್ಯಾನಗಳನ್ನು ಜೋಡಿಸಹೊರಟಾಗ, ಇಕ್ಕಟ್ಟಾದ ಆ ದ್ವೀಪದಲ್ಲಿ ಬಹುಪಾಲು ದೊರೆತುದು ಮಳೆಗಾಲುವೆಗಳ ಪಕ್ಕದ ಮೀಸಲು ನೆಲ. ಇಲ್ಲಿಯೂ ಹಾದಿ ತೋರಿದುದು ನೀರೇ. ಇನ್ನು ಜೀವಶಾಸ್ತ್ರದ ಧಾರೆ: 1986ರ ಹೆದ್ದಾರಿಯೊಂದು ಬುಕಿಟ್ ತಿಮಾ ಕಾಡನ್ನು ನೆರೆಯ ಜಲಾನಯನ ಕಾಡಿನಿಂದ ತುಂಡರಿಸಿದ್ದಿತಷ್ಟೆ. ಆ ಹೆದ್ದಾರಿಯ ಮೇಲೆ 62 ಮೀಟರು ಉದ್ದದ, ಮರಗಿಡಗಳಿಂದ ತುಂಬಿದ ಸೇತುವೆಯೊಂದು 2013ರಲ್ಲಿ ಪೂರ್ಣಗೊಂಡಿತು. ಮನುಷ್ಯರಿಗೆ ಅಲ್ಲಿ ಮುಕ್ತ ಪ್ರವೇಶವಿಲ್ಲ. ಚಿಪ್ಪುಹಂದಿಯು ಅದನ್ನು ದಾಟಿದುದು ಕ್ಯಾಮರಾದಲ್ಲಿ ದಾಖಲಾಗಿದೆ. ಪ್ರಾಣಿಗಳಿಗಾಗಿಯೇ ಕಟ್ಟಿದ ಹಾದಿಯೆಂಬ ಮಾತು ಇದಕ್ಕೆ ನಿಸ್ಸಂಶಯವಾಗಿ ಒಪ್ಪುತ್ತದೆ.

ಈ ಚರಿತ್ರೆಯನ್ನು ಓದುವ ಕನ್ನಡಿಗನಿಗೆ ಬೆಂಗಳೂರಿನ ನೆನಪಾಗದಿರದು. ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ರಾಜಕಾಲುವೆಯಾಗಿ ಹರಿಯುವ, ಊರೂರಿಗೂ ಗುಂಡುತೋಪನ್ನಿರಿಸಿಕೊಂಡಿದ್ದ ಆ ನಾಡಿನಲ್ಲಿ ನೀರು ನೆಯ್ದ ಜಾಲವನ್ನು ಹೊಸತಾಗಿ ಕಲ್ಪಿಸಬೇಕಾದುದಿಲ್ಲ. ನೆಲಕ್ಕಿಳಿಯಲು ಹಿಂಜರಿದು ಕೊಂಬೆಯಿಂದ ಕೊಂಬೆಗೆ ಸಾಗುವ ಕಾಡುಪಾಪವು ಈ ನಗರದ ಕೆಲವು ವಿದ್ಯಾಸಂಸ್ಥೆಗಳ ಆವರಣಗಳಲ್ಲಿ ಇನ್ನೂ ಬದುಕಿರುವುದಾದರೂ, ಒಂದು ಆವರಣದಿಂದ ಮತ್ತೊಂದಕ್ಕೆ ಅದಕ್ಕೆ ಮರದ ದಾರಿಯಿಲ್ಲ. ಕೆರೆಯಂಚಿನಲ್ಲಿ ಕಟ್ಟದೆ ಬಿಡಬೇಕಾದ ನೆಲವನ್ನು ಹಸುರು ನ್ಯಾಯಮಂಡಳಿಯು 2016ರಲ್ಲಿ 75 ಮೀಟರಿಗೆ ಏರಿಸಿದುದನ್ನು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ರದ್ದುಗೊಳಿಸಿತು. ಉಳಿದಿರುವ ಅಂಚು ಕಿರಿದೇ ಆದರೂ, ಅದನ್ನು ಕಾಂಕ್ರೀಟಿನ ಗೋಡೆಗೂ ನಡೆದಾಡುವ ಕಲ್ಲುಹಾಸಿಗೂ ಒಪ್ಪಿಸದೆ, ಕೆರೆಯಿಂದ ಕೆರೆಗೆ ಕೊಂಬೆಗೆ ಕೊಂಬೆ ತಾಗುವಂತೆ ದೇಶೀಯ ಮರಗಳ ಸಾಲಾಗಿ ಬೆಳೆಸುವುದನ್ನು ನಗರದ ಮುಂದಿನ ಮಹಾಯೋಜನೆಯು ಕಡ್ಡಾಯವಾಗಿ ವಿಧಿಸತಕ್ಕದ್ದು.